ಭಾಷಣದಲ್ಲಿ ಪ್ರಮಾಣಪ್ರಯೋಗ

ವಾಗ್ಮಿತೆಯನ್ನು ಕುರಿತು ನಮ್ಮಲ್ಲಿ ನಡೆಯುವ ವಿಮರ್ಶೆಯು ಬಹುಮಟ್ಟಿಗೆ ಕಂಠಸೌಷ್ಠವ, ಉಚ್ಚಾರಣೆ, ಹಸ್ತಾಭಿನಯ, ಹಾಸ್ಯ ಎಂಬೀ ನಾಲ್ಕರಲ್ಲಿಯೇ ಮುಗಿದುಹೋಗುತ್ತದೆ. ‘ಗಂಗಾಪ್ರವಾಹದಂತೆ ಮಾತನಾಡಿದರು’ ಎಂಬುದು ನಮ್ಮ ಸಭೆಗಳ ವರದಿಗಳಲ್ಲಿ ಸವೆದುಹೋದ ನಾಣ್ಯ. ಆ ಪ್ರವಾಹದಲ್ಲಿ ತೇಲಿಬಂದುದು ತೊಲೆಯೋ ಕಸವೋ ಎಂದು ದಡದಲ್ಲಿ ನಿಂತು ನೋಡಿದವರು ವಿರಳ. ವಕ್ತೃವು ತಾನು ಹೇಳಿದುದು ನಿಜವೆನ್ನುವುದಕ್ಕೆ ಏನು ಆಧಾರವನ್ನು ಕೊಟ್ಟನು, ಕೊಟ್ಟ ಆಧಾರವು ಆಡಿದ ಮಾತಿಗೆ ಸಲ್ಲುವುದೋ ಇಲ್ಲವೋ, ಸಲ್ಲುವುದಾದರೆ ಅದನ್ನು ಸಭಿಕರ ಬುದ್ಧಿಗೆ ಮುಟ್ಟಿಸಿದ ಬಗೆ ಯಾವುದು—ಈ ಪ್ರಶ್ನೆಗಳೇ ವಾಗ್ಮಿತೆಯ ವಿಮರ್ಶೆಯಲ್ಲಿ ಮೊದಲು ಏಳತಕ್ಕವೆಂದು ನನ್ನ ಅಭಿಪ್ರಾಯ. ಇವನ್ನು ಬರಿಯ ಲಕ್ಷಣವಾಗಿ ಹೇಳುತ್ತ ಹೋದರೆ ಓದುವವರಿಗೆ ಬೇಸರ. ಆದಕಾರಣ ಲಕ್ಷ್ಯವೊಂದನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಅದು ಗೋಪಾಲ ಕೃಷ್ಣ ಗೋಖಲೆಯವರ ಭಾಷಣಸಮುದಾಯ.

ಗೋಖಲೆಯವರನ್ನೇ ಆರಿಸಿಕೊಂಡುದಕ್ಕೆ ಕಾರಣಗಳುಂಟು. ಅವರ ಭಾಷಣಗಳು ಅಚ್ಚಾಗಿ ಉಳಿದಿವೆ. ಕೇಳಿದವರ ಹೊಗಳಿಕೆಯನ್ನು ನಂಬಬೇಕಾಗಿಲ್ಲ, ನಾವೇ ಓದಿ ತೂಗಬಹುದು. ಎರಡನೆಯದಾಗಿ, ಅವುಗಳಲ್ಲಿ ಮುಖ್ಯವಾದವನ್ನು ಅವರು ಆಡಿದುದು ತಮಗೆ ಒಪ್ಪದವರ ಮುಂದೆ. ಮಿತ್ರರ ಸಭೆಯಲ್ಲಿ ಪ್ರಮಾಣಕ್ಕೆ ಪರೀಕ್ಷೆಯಿಲ್ಲ. ಅಲ್ಲಿ ಮಾತು ಮುಗಿಯುವ ಮುನ್ನವೇ ಚಪ್ಪಾಳೆ ಸಿದ್ಧವಾಗಿರುತ್ತದೆ. ಕನ್ನಡಿಗರಿಗೆ ಅವರು ಪರಕೀಯರೂ ಅಲ್ಲ. ಡಿ. ವಿ. ಗುಂಡಪ್ಪನವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿಯೇ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು.

ಮೊದಲು ರೋಗದ ಮಾತು. ನಮ್ಮ ವೇದಿಕೆಗಳಲ್ಲಿ ಆಧಾರದ ಅಭಾವವಿಲ್ಲ, ಅಜೀರ್ಣವಿದೆ. ಒಂದು ಗಂಟೆಯ ಉಪನ್ಯಾಸದಲ್ಲಿ ನಾಲ್ಕು ಶ್ಲೋಕ, ಆರು ವಚನ, ‘ಪಾಶ್ಚಾತ್ಯ ವಿದ್ವಾಂಸರೊಬ್ಬರು ಹೇಳುವಂತೆ’ ಎಂಬ ಹೆಸರಿಲ್ಲದ ಸಾಕ್ಷಿ, ‘ಶೇಕಡ ತೊಂಬತ್ತು ಮಂದಿ’ ಎಂಬ ತಂದೆತಾಯಿಗಳಿಲ್ಲದ ಸಂಖ್ಯೆ, ಕೊನೆಗೆ ಅಂದು ಬೆಳಗ್ಗೆ ಮೊಬೈಲಿಗೆ ಬಂದ ಒಂದು ಕಥೆ—ಇಷ್ಟೂ ಇರುತ್ತವೆ. ಇವುಗಳಲ್ಲಿ ಯಾವುದೊಂದನ್ನು ತೆಗೆದುಹಾಕಿದರೂ ಉಪನ್ಯಾಸದ ವಾದಕ್ಕೆ ಊನವಾಗುವುದಿಲ್ಲ. ಏಕೆಂದರೆ ಅವು ವಾದಕ್ಕೆ ಆನಿಕೆಯಾಗಿ ನಿಂತವಲ್ಲ, ತೋರಣವಾಗಿ ಕಟ್ಟಿದವು. ಮೀಮಾಂಸಕರು ವೇದವಾಕ್ಯಗಳನ್ನೇ ವಿಂಗಡಿಸುವಾಗ, ಸ್ತುತಿರೂಪವಾದ ಮಾತುಗಳನ್ನು ಅರ್ಥವಾದವೆಂದು ಕರೆದು, ವಿಧಿಯೊಡನೆ ಸೇರಿದರಷ್ಟೇ ಅವಕ್ಕೆ ಪ್ರಾಮಾಣ್ಯವೆಂದು ತೀರ್ಮಾನಿಸಿದರು. ವೇದಕ್ಕೇ ಇಷ್ಟು ಕಟ್ಟುನಿಟ್ಟಾದರೆ ಉಪನ್ಯಾಸಕನ ಉದ್ಧೃತವಾಕ್ಯಗಳಿಗೆ ರಿಯಾಯಿತಿ ಏಕೆ? ಆಪ್ತವಾಕ್ಯವು ಪ್ರಮಾಣವೆಂಬುದೇನೋ ನಿಜ. ಆದರೆ ಆಪ್ತನೆಂದರೆ ಪ್ರಸಿದ್ಧನಲ್ಲ. ಹೇಳುವ ವಿಷಯವನ್ನು ತಾನು ಕಂಡು ತಿಳಿದವನು, ತಿಳಿದುದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ಭೌತಶಾಸ್ತ್ರದಲ್ಲಿ ಆಪ್ತನಾದವನು ವಿವಾಹಧರ್ಮದಲ್ಲಿಯೂ ಆಪ್ತನೆಂದು ಯಾರು ಹೇಳಿದರು?

ಪ್ರತಿ ವರ್ಷ ಮೇ 9ರಂದು, ಎಂದರೆ ಗೋಖಲೆಯವರ ಜನ್ಮದಿನದಂದು, ನಡೆಯುವ ಭಾಷಣಗಳಲ್ಲಿಯೇ ಈ ರೋಗದ ಲಕ್ಷಣವನ್ನು ಕಾಣಬಹುದು. ಬಾಲಕನಾದ ಗೋಖಲೆ ಬೇರೊಬ್ಬರ ಸಹಾಯದಿಂದ ಲೆಕ್ಕ ಮಾಡಿ, ಉಪಾಧ್ಯಾಯರು ಮೆಚ್ಚಿಕೊಂಡಾಗ ಅತ್ತುಬಿಟ್ಟ ಕಥೆಯು ಅಲ್ಲಿ ತಪ್ಪದೆ ಬರುತ್ತದೆ. ಕಥೆ ಸೊಗಸಾದುದು, ಮಕ್ಕಳಿಗೆ ಹೇಳತಕ್ಕುದು. ಆದರೆ ಪ್ರೌಢರ ಸಭೆಯಲ್ಲಿ ಅವರ ಸತ್ಯನಿಷ್ಠೆಗೆ ಅದೊಂದೇ ಸಾಕ್ಷಿಯಾಗಿ ನಿಂತು, ಅವರು ಹದಿಮೂರು ವರ್ಷಗಳ ಕಾಲ ವೈಸರಾಯಿಗಳ ಶಾಸನಸಭೆಯಲ್ಲಿ ಆಡಿದ ಮಾತುಗಳಲ್ಲಿ ಒಂದೂ ಬಾರದೆ ಹೋಗುವುದು ಶೋಚನೀಯ.

ಇನ್ನು ಶಾಸ್ತ್ರ. ನೈಯಾಯಿಕರು ಪರಾರ್ಥಾನುಮಾನಕ್ಕೆ, ಎಂದರೆ ಇತರರನ್ನು ಒಪ್ಪಿಸುವುದಕ್ಕಾಗಿ ಮಾಡುವ ಅನುಮಾನಕ್ಕೆ, ಐದು ಅವಯವಗಳನ್ನು ಹೇಳಿದರು. ಬೆಟ್ಟದಲ್ಲಿ ಬೆಂಕಿಯಿದೆಯೆಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಅಡಿಗೆಮನೆಯಲ್ಲಿ ಹೇಗೋ ಹಾಗೆ ಎಂಬುದು ಉದಾಹರಣೆ. ಈ ಬೆಟ್ಟವೂ ಅಂಥದೇ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದವರೆಲ್ಲರಿಗೂ ಅಡಿಗೆಮನೆಯ ನೆನಪಿರುತ್ತದೆ. ಅಡಿಗೆಮನೆಯನ್ನೇ ಏಕೆ ಹೇಳಿದರೆಂಬುದು ಮರೆತಿರುತ್ತದೆ. ದೃಷ್ಟಾಂತವೆಂಬುದು ಲೌಕಿಕನಿಗೂ ಪರೀಕ್ಷಕನಿಗೂ ಸಮನಾಗಿ ಒಪ್ಪಿಗೆಯಾದ ವಸ್ತುವಾಗಿರಬೇಕೆಂದು ಗೌತಮನ ಮತ. ಅಡಿಗೆಮನೆಯನ್ನು ಕಾಣದವನು ಯಾವನೂ ಇಲ್ಲ. ವಕ್ತೃವು ಅದನ್ನು ಹೊಸದಾಗಿ ತರುವುದಿಲ್ಲ. ಶ್ರೋತೃವಿನ ಮನೆಯಿಂದಲೇ ತೆಗೆದು ಶ್ರೋತೃವಿಗೇ ತೋರಿಸುತ್ತಾನೆ. ಪ್ರಮಾಣಪ್ರಯೋಗದ ಗುಟ್ಟೆಲ್ಲವೂ ಇದರಲ್ಲಿದೆ. ಆಧಾರದ ಅರ್ಧಭಾಗವು ಕೇಳುವವನ ಬಳಿಯಲ್ಲಿ ಮೊದಲೇ ಇರಬೇಕು. ಹೇಳುವವನು ಉಳಿದ ಅರ್ಧವನ್ನು ತಂದು ಅದಕ್ಕೆ ಜೋಡಿಸಬೇಕು. ಈ ಜೋಡಣೆಯೇ ಉಪನಯ. ಇಂದಿನ ಉಪನ್ಯಾಸಗಳಲ್ಲಿ ಕಾಣೆಯಾಗಿರುವ ಅವಯವವೂ ಇದೇ. ಕಥೆಯನ್ನು ಹೇಳುತ್ತಾರೆ, ಸಂಖ್ಯೆಯನ್ನು ಓದುತ್ತಾರೆ. ‘ಈ ಬೆಟ್ಟವೂ ಅಂಥದೇ’ ಎಂದು ತೋರಿಸುವ ಶ್ರಮವನ್ನು ಮಾತ್ರ ಸಭಿಕರಿಗೆ ಬಿಟ್ಟುಬಿಡುತ್ತಾರೆ.

ಈ ಮಾತಿಗೆ ಕಾವ್ಯದಲ್ಲಿ ಎರಡು ಪ್ರಸಂಗಗಳು ಸಾಕ್ಷಿಯಾಗಿವೆ. ಎರಡರಲ್ಲಿಯೂ ಉಂಗುರವೇ ವಸ್ತು. ಸುಂದರಕಾಂಡದಲ್ಲಿ ಆಂಜನೇಯನು ರಾಮನ ಉಂಗುರವನ್ನು ಮಡಿಲಲ್ಲಿಟ್ಟುಕೊಂಡೇ ಅಶೋಕವನಕ್ಕೆ ಹೋದವನು. ನಮ್ಮ ಉಪನ್ಯಾಸಕರಾಗಿದ್ದರೆ ಮರದಿಂದಿಳಿದ ಕೂಡಲೇ ಅದನ್ನು ಮುಂದೆ ಹಿಡಿಯುತ್ತಿದ್ದರು. ಹನುಮಂತನು ಹಾಗೆ ಮಾಡಲಿಲ್ಲ. ಮೊದಲು ಮರೆಯಲ್ಲಿದ್ದು ರಾಮಕಥೆಯನ್ನು ಹೇಳಿದನು. ಸೀತೆಯು ಇವನು ವೇಷ ಮರೆಸಿ ಬಂದ ರಾವಣನೇ ಇರಬಹುದೆಂದು ಶಂಕಿಸಿದಾಗ ಕೋಪಗೊಳ್ಳಲಿಲ್ಲ. ರಾಮನ ಲಕ್ಷಣಗಳನ್ನು ಹೇಳೆಂದು ಅವಳು ಕೇಳಿದ ಮೇಲೆ ಅವನ್ನು ವಿವರವಾಗಿ ಹೇಳಿದನು. ಸುಗ್ರೀವಸಖ್ಯದ ವೃತ್ತಾಂತವನ್ನು ತಿಳಿಸಿದನು. ಇಷ್ಟಾದ ಮೇಲೆ ಉಂಗುರವನ್ನು ಕೊಟ್ಟನು. ಮಾಯಾವಿಗಳ ಊರಿನಲ್ಲಿ ಉಂಗುರವೊಂದೇ ಏನನ್ನು ಸಾಧಿಸೀತು? ಕದ್ದು ತಂದುದಾಗಿರಬಹುದು, ಮಾಡಿಸಿದುದಾಗಿರಬಹುದು. ಸೀತೆಯ ಮನಸ್ಸಿನಲ್ಲಿದ್ದ ರಾಮನನ್ನು ಮೊದಲು ಎಬ್ಬಿಸಿ, ಅವಳೇ ಪರೀಕ್ಷಕಳಾಗಿ ಪ್ರಶ್ನೆ ಕೇಳುವಂತೆ ಮಾಡಿ, ಅನಂತರ ಕೊಟ್ಟುದರಿಂದ ಅದು ಪ್ರಮಾಣವಾಯಿತು. ಹಿಂದಿರುಗುವಾಗ ಅವಳೂ ಅದೇ ನೀತಿಯನ್ನು ಅನುಸರಿಸಿದಳು: ಚೂಡಾಮಣಿಯೊಂದನ್ನೇ ಕಳುಹಿಸಲಿಲ್ಲ, ಚಿತ್ರಕೂಟದಲ್ಲಿ ನಡೆದ ಕಾಗೆಯ ಪ್ರಸಂಗವನ್ನೂ ಜೊತೆಗೆ ಹೇಳಿ ಕಳುಹಿಸಿದಳು.

ಶಾಕುಂತಲದ ಐದನೆಯ ಅಂಕವು ಇದಕ್ಕೆ ಪ್ರತಿಯಾದುದು. ಅಲ್ಲಿ ಉಂಗುರವು ಶಚೀತೀರ್ಥದಲ್ಲಿ ಬಿದ್ದುಹೋಗಿದೆ. ಶಕುಂತಲೆಯು ಎರಡನೆಯ ಸಾಕ್ಷ್ಯವಾಗಿ ದೀರ್ಘಾಪಾಂಗವೆಂಬ ಜಿಂಕೆಯ ಮರಿಯು ರಾಜನ ಕೈಯಿಂದ ನೀರು ಕುಡಿಯಲೊಲ್ಲದೆ ತನ್ನ ಕೈಯಿಂದ ಕುಡಿದ ವೃತ್ತಾಂತವನ್ನು ಹೇಳುತ್ತಾಳೆ. ಅದು ಕಾಗೆಯ ಪ್ರಸಂಗದಂತೆಯೇ ಇಬ್ಬರಿಗೆ ಮಾತ್ರ ತಿಳಿದಿದ್ದ ವಿಷಯ, ಸತ್ಯವೂ ಹೌದು. ಆದರೂ ದುಷ್ಯಂತನು ಅದನ್ನು ಸ್ತ್ರೀಯರ ಸಿಹಿಸುಳ್ಳೆಂದು ತಳ್ಳಿಬಿಡುತ್ತಾನೆ. ದೋಷ ಸಾಕ್ಷ್ಯದ್ದಲ್ಲ, ಹೇಳಿದವಳದ್ದೂ ಅಲ್ಲ. ಕೇಳಿದವನ ಬಳಿ ಇರಬೇಕಾದ ಅರ್ಧವು ದೂರ್ವಾಸರ ಶಾಪದಿಂದ ಅಳಿಸಿಹೋಗಿತ್ತು. ಶಾಪವೆಂಬುದು ನಾಟಕದ ಮಾತಾಯಿತು. ಆದರೆ ಶಾಪಗ್ರಸ್ತರಾದ ಶ್ರೋತೃಗಳು ನಾಟಕದ ಹೊರಗೂ ಉಂಟೆಂಬುದನ್ನು ಮುಂದೆ ನೋಡಲಿದ್ದೇವೆ.

ಈಗ ಗೋಖಲೆಯವರ 1902ನೆಯ ಇಸವಿ ಮಾರ್ಚಿ 26ರ ಆಯವ್ಯಯ ಭಾಷಣಕ್ಕೆ ಬರೋಣ. ವೈಸರಾಯಿಗಳ ಶಾಸನಸಭೆಯಲ್ಲಿ ಇದು ಅವರ ಮೊದಲನೆಯ ಬಡ್ಜೆಟ್ ಭಾಷಣ. ಅಧ್ಯಕ್ಷಪೀಠದಲ್ಲಿ ಲಾರ್ಡ್ ಕರ್ಜನ್. ಹಣಕಾಸಿನ ಸದಸ್ಯರು ಸರ್ ಎಡ್ವರ್ಡ್ ಲಾ. ಅಂದಿನ ಸದಸ್ಯರಿಗೆ ಆಯವ್ಯಯವನ್ನು ಚರ್ಚಿಸುವ ಅಧಿಕಾರವಿತ್ತೇ ಹೊರತು ಅದರ ಮೇಲೆ ಮತ ಕೊಡುವ ಅಧಿಕಾರವಿರಲಿಲ್ಲ. ಸರ್ಕಾರವು ಏಳು ಕೋಟಿ ರೂಪಾಯಿಗಳ ಉಳಿತಾಯವನ್ನು ತೋರಿಸಿತ್ತು. 1899–1900ರ ಘೋರಕ್ಷಾಮವು ಇನ್ನೂ ಜನರ ಕಣ್ಣಮುಂದಿತ್ತು. ಉಳಿದ ಸದಸ್ಯರು ಅಭಿನಂದಿಸುತ್ತಿರುವಾಗ ಗೋಖಲೆಯವರು ಅಭಿನಂದನೆಯಲ್ಲಿ ಸೇರಲಾರೆನೆಂದರು. ಏಳು ಕೋಟಿಯೆಂಬುದು ದೇಶದ ಸಮೃದ್ಧಿಗೆ ಗುರುತಲ್ಲ, ಅಗತ್ಯಕ್ಕಿಂತ ಹೆಚ್ಚಾಗಿ ತೆರಿಗೆ ಎತ್ತುತ್ತಿರುವುದಕ್ಕೆ ಗುರುತು—ಇದು ಅವರ ಪ್ರತಿಜ್ಞೆ.

ಇದನ್ನು ಅವರು ಸಾಧಿಸಿದ ಕ್ರಮವೇ ನೋಡತಕ್ಕುದು. ಕ್ಷಾಮದಲ್ಲಿ ಸತ್ತವರ ವರ್ಣನೆಯಿಂದ ಆರಂಭಿಸಿದ್ದರೆ ಕರುಣರಸವು ಉಕ್ಕುತ್ತಿತ್ತು. ಸರ್ ಎಡ್ವರ್ಡ್ ಲಾ ಅವರ ಲೆಕ್ಕವು ಮಾತ್ರ ಅಲುಗುತ್ತಿರಲಿಲ್ಲ. ಗೋಖಲೆಯವರು ಆ ಲೆಕ್ಕದ ಪುಸ್ತಕವನ್ನೇ ಕೈಗೆತ್ತಿಕೊಂಡರು. ಸರ್ಕಾರವು ತೆರಿಗೆಯನ್ನು ರೂಪಾಯಿಯಲ್ಲಿ ಎತ್ತಿ, ಇಂಗ್ಲೆಂಡಿನಲ್ಲಿ ಪೌಂಡಿನಲ್ಲಿ ಹಣ ಸಲ್ಲಿಸಬೇಕಾಗಿತ್ತು. ಬೆಳ್ಳಿಯ ಬೆಲೆ ಇಳಿದು 1894–95ರಲ್ಲಿ ರೂಪಾಯಿಗೆ 13 ಪೆನ್ಸಿನಷ್ಟೇ ದೊರೆಯುವಂತಾಯಿತು. 1893ರಲ್ಲಿ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದುದರ ಫಲವಾಗಿ ಅನಂತರ ದರವು ಏರಿ 16 ಪೆನ್ಸಿಗೆ ನಿಂತಿತು. ನಮ್ಮ ಮಕ್ಕಳಿಗೆ ಹೇಳುವ ರೀತಿಯಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಕೋಟಿ ಪೌಂಡು ಸಲ್ಲಿಸಬೇಕು. ಪೌಂಡಿಗೆ 240 ಪೆನ್ಸು. ರೂಪಾಯಿಗೆ 13 ಪೆನ್ಸಿನ ದರದಲ್ಲಿ ಇದಕ್ಕೆ ಸುಮಾರು ಹದಿನೆಂಟೂವರೆ ಕೋಟಿ ರೂಪಾಯಿ ಬೇಕು. 16 ಪೆನ್ಸಿನ ದರದಲ್ಲಿ ಹದಿನೈದು ಕೋಟಿ ಸಾಕು. ಉಳಿದುದು ಮೂರೂವರೆ ಕೋಟಿ. ವರ್ಷವರ್ಷವೂ ಸರ್ಕಾರವು ಸಲ್ಲಿಸುತ್ತಿದ್ದುದು ಕೋಟಿ ಪೌಂಡಿಗಿಂತ ಬಹಳ ಹೆಚ್ಚು. ಉಳಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚು. ರೂಪಾಯಿಯ ಬೆಲೆ ಇಳಿದಿದ್ದ ಕಷ್ಟಕಾಲದಲ್ಲಿ ಏರಿಸಿದ್ದ ತೆರಿಗೆಗಳು ಕಷ್ಟ ಕಳೆದ ಮೇಲೆಯೂ ಇಳಿಯಲಿಲ್ಲ. ಹೀಗಿರಲಾಗಿ ಉಳಿತಾಯವಾಗದೆ ಮತ್ತೇನಾದೀತು? ಏಳು ಕೋಟಿಯೆಂಬ ಸಂಖ್ಯೆಯನ್ನು ಸರ್ಕಾರವೇ ಕೊಟ್ಟಿತು. ವಿನಿಮಯದ ದರವನ್ನೂ ಸರ್ಕಾರವೇ ಕೊಟ್ಟಿತು. ಎರಡನ್ನೂ ಒಂದೆಡೆ ಇರಿಸಿ ‘ಈ ಬೆಟ್ಟವೂ ಅಂಥದೇ’ ಎಂದು ತೋರಿಸಿದುದಷ್ಟೇ ಗೋಖಲೆಯವರ ಕೆಲಸ. ಪ್ರತಿವಾದಿಯು ತನ್ನ ಸಾಕ್ಷಿಯನ್ನೇ ಸುಳ್ಳೆನ್ನಲಾರನಷ್ಟೆ.

ಉಪ್ಪಿನ ತೆರಿಗೆಯ ವಿಷಯದಲ್ಲಿಯೂ ಅದೇ ದಾರಿ. 1888ರಲ್ಲಿ ಮಣಕ್ಕೆ ಎರಡು ರೂಪಾಯಿಯಿದ್ದ ತೆರಿಗೆಯನ್ನು ಎರಡೂವರೆಗೆ ಏರಿಸಲಾಗಿತ್ತು. ಬಡವನ ಬಾಯಿಗೆ ಉಪ್ಪಿಲ್ಲದಾಯಿತೆಂದು ಕೂಗುವುದು ಸುಲಭ. ಗೋಖಲೆಯವರು ತೆರಿಗೆ ಏರಿದ ಅನಂತರ ತಲೆಗೆ ಎಷ್ಟು ಉಪ್ಪು ಖರ್ಚಾಯಿತೆಂಬುದನ್ನು ಸರ್ಕಾರಿ ಪಟ್ಟಿಗಳಿಂದಲೇ ತೆಗೆದು, ಅದು ಇಳಿದಿರುವುದನ್ನು ತೋರಿಸಿದರು. ಉಪ್ಪು ವಿಲಾಸದ ವಸ್ತುವಲ್ಲ. ಅದರ ಬಳಕೆ ಇಳಿಯಿತೆಂದರೆ ಹಿಡಿತವು ಹೊಟ್ಟೆಯವರೆಗೆ ಮುಟ್ಟಿತೆಂದೇ ಅರ್ಥ. 1903ರಲ್ಲಿ ಈ ತೆರಿಗೆಯು ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆ ರೂಪಾಯಿಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಗೋಖಲೆಯವರ ಭಾಷಣದಿಂದಲೇ ಇಳಿಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಈ ಲೇಖನವೇ ತಾನು ಖಂಡಿಸುವ ದೋಷಕ್ಕೆ ಗುರಿಯಾದೀತು. ಇಳಿಸುವುದು ಅಸಾಧ್ಯವೆಂದು ಹೇಳುವುದು ಆ ಭಾಷಣದ ಮೇಲೆ ಕಷ್ಟವಾಯಿತೆಂಬಷ್ಟನ್ನು ಮಾತ್ರ ಹೇಳಬಹುದು.

ಈ ಸಂಖ್ಯಾಸಾಮಗ್ರಿಯ ಹಿಂದೆ ಒಬ್ಬ ಉಪಾಧ್ಯಾಯರಿದ್ದರೆಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಶೋಲಾಪುರದ ಗಣೇಶ ವೆಂಕಟೇಶ ಜೋಶಿಯವರು ಶಾಲಾ ಮುಖ್ಯೋಪಾಧ್ಯಾಯರಾಗಿದ್ದುಕೊಂಡೇ ಭಾರತದ ಅರ್ಥವ್ಯವಸ್ಥೆಯ ಅಂಕೆ ಅಂಶಗಳಲ್ಲಿ ಅದ್ವಿತೀಯರೆನಿಸಿದ್ದವರು. ಗೋಖಲೆಯವರಿಗೆ ಲೆಕ್ಕಗಳನ್ನು ಒದಗಿಸಿ, ತಿದ್ದಿ, ಶಂಕೆಗಳನ್ನೆತ್ತಿ ಸಿದ್ಧಪಡಿಸಿದವರಲ್ಲಿ ಅವರು ಮುಖ್ಯರು. ಸಭೆಯಲ್ಲಿ ಅರ್ಧಗಂಟೆ ನಿಲ್ಲತಕ್ಕ ಪ್ರಮಾಣಕ್ಕೆ ಮನೆಯಲ್ಲಿ ಎಷ್ಟು ತಿಂಗಳು ಪೂರ್ವಪಕ್ಷ ನಡೆಯಬೇಕೆಂಬುದಕ್ಕೆ ಈ ಇಬ್ಬರ ಸ್ನೇಹವೇ ನಿದರ್ಶನ. ಗೋಖಲೆಯವರೂ ಗಣಿತವನ್ನು ಕಲಿಸಿದವರು, ಅಂಕಗಣಿತದ ಪಠ್ಯಪುಸ್ತಕವನ್ನು ಬರೆದವರು. ಲೆಕ್ಕದಲ್ಲಿ ಹೆಜ್ಜೆ ಹಾರಿಸಿದರೆ ಅಂಕಗಳಿಲ್ಲವೆಂಬುದು ಅವರಿಗೆ ಅಭ್ಯಾಸಬಲದಿಂದಲೇ ಗೊತ್ತಿತ್ತು. 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ ಹೊಸ ಸದಸ್ಯರಿಗೆ ಐದು ವರ್ಷಗಳ ಅಭ್ಯಾಸಕಾಲವನ್ನು ಗೊತ್ತುಮಾಡಿದುದೂ ಈ ಸ್ವಭಾವದಿಂದಲೇ. ಇಂದು ಐದು ದಿನವಾದರೂ ಓದಿ ವೇದಿಕೆ ಏರುವವರೆಷ್ಟು ಮಂದಿ?

ಗುಣವನ್ನು ಹೇಳಿದಂತೆಯೇ ದೋಷವನ್ನೂ ಹೇಳಬೇಕು. ಗೋಖಲೆಯವರ ಬಡ್ಜೆಟ್ ಭಾಷಣಗಳಲ್ಲಿ ಕೆಲವೆಡೆ ಸಂಖ್ಯಾಭಾರವು ಕಿವಿಯು ಹಿಡಿಯಲಾಗದಷ್ಟಾಗಿದೆ. ಓದುವವನು ಪುಟವನ್ನು ಹಿಂದಕ್ಕೆ ತಿರುಗಿಸಬಲ್ಲನು. ಕೇಳುವವನು ಹೇಗೆ ತಿರುಗಿಸಿಯಾನು? ಈ ಒಂದು ವಿಷಯದಲ್ಲಿ ದಾದಾಭಾಯಿ ನವರೋಜಿಯವರ ಒಂದು ಪ್ರಯೋಗವು ಅವರದಕ್ಕಿಂತ ಮೇಲಾದುದೆಂದು ನನಗೆ ತೋರುತ್ತದೆ. ದಾದಾಭಾಯಿಯವರ ಬರಹಗಳು ಸಾಮಾನ್ಯವಾಗಿ ಪುನರುಕ್ತಿಯಿಂದ ತುಂಬಿದವು. 1901ರಲ್ಲಿ ಹೊರಬಂದ ಅವರ ದೊಡ್ಡ ಗ್ರಂಥವನ್ನು ಬಿಡದೆ ಓದಿದವರು ಧೀರರೇ ಸರಿ. ಆದರೆ ಭಾರತೀಯನ ವಾರ್ಷಿಕ ಆದಾಯವು ತಲೆಗೆ ಇಪ್ಪತ್ತು ರೂಪಾಯಿಯೆಂದು ಸರ್ಕಾರದ ಅಂಕಿಗಳಿಂದಲೇ ಲೆಕ್ಕ ಹಾಕಿದ ಮೇಲೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಇಪ್ಪತ್ತೆಂದರೆ ಎಷ್ಟು ಎಂಬ ಪ್ರಶ್ನೆ ಕೇಳುವವನಲ್ಲಿ ಏಳುತ್ತದೆಯಲ್ಲವೆ? ಅವರು ಅದರ ಪಕ್ಕದಲ್ಲಿ ಸೆರೆಮನೆಯ ಕೈದಿಗೆ ಸರ್ಕಾರವು ಅನ್ನವಸ್ತ್ರಗಳಿಗಾಗಿ ಮಾಡುವ ವೆಚ್ಚವನ್ನು ತಂದಿರಿಸಿದರು. ಅಪರಾಧಿಗೆ ಸಲ್ಲುವಷ್ಟು ಅನ್ನವೂ ನಿರಪರಾಧಿಯ ಪಾಲಿಗಿಲ್ಲ. ಸೆರೆಮನೆಯ ಅಳತೆಯನ್ನು ಗೊತ್ತುಮಾಡಿದವರು ಅಧಿಕಾರಿಗಳೇ. ಅವರ ಅಡಿಗೆಮನೆಯಿಂದಲೇ ತೆಗೆದ ದೃಷ್ಟಾಂತವಿದು. ಮುಂದೆ ಸರ್ಕಾರದವರು ಇಪ್ಪತ್ತಲ್ಲ ಇಪ್ಪತ್ತೇಳೆಂದು 1882ರಲ್ಲಿಯೂ, ಮೂವತ್ತೆಂದು 1901ರಲ್ಲಿಯೂ ಹೇಳಿದರು. ಸಂಖ್ಯೆಯನ್ನು ತಿದ್ದಿದರೂ ಸೆರೆಮನೆಯ ಹೋಲಿಕೆಯು ಮಾತ್ರ ಕೇಳಿದವರ ಮನಸ್ಸಿನಿಂದ ಮಾಸುವಂಥದಾಗಿರಲಿಲ್ಲ.

ಇನ್ನು 1897ರ ಪ್ರಸಂಗ. ಗೋಖಲೆಯವರ ಅಭಿಮಾನಿಗಳು ಇದನ್ನು ಮುಚ್ಚಿಡುತ್ತಾರೆ; ಪ್ರಮಾಣದ ವಿಚಾರ ಮಾಡುವವರು ಮುಚ್ಚಿಡಕೂಡದು. ಆ ವರ್ಷ ಅವರು ಲಂಡನ್ನಿಗೆ ಹೋದುದು ಭಾರತದ ವೆಚ್ಚವನ್ನು ವಿಚಾರಿಸುತ್ತಿದ್ದ ವೆಲ್ಬಿ ಕಮಿಷನ್ನಿನ ಮುಂದೆ ಸಾಕ್ಷ್ಯ ಹೇಳುವುದಕ್ಕೆ. ಮೂವತ್ತೊಂದನ್ನೂ ದಾಟದ ತರುಣರು ನುರಿತ ಅಧಿಕಾರಿಗಳ ಪಾಟೀಸವಾಲಿಗೆ ಎದುರಾಗಿ ನಿಂತು ಕೀರ್ತಿ ಪಡೆದರು. ಅದೇ ವರ್ಷ ಪುಣೆಯಲ್ಲಿ ಪ್ಲೇಗು, ಮನೆಮನೆಯ ಶೋಧನೆಗೆ ಸೈನಿಕರ ನೇಮಕ, ಜನರಲ್ಲಿ ಕ್ರೋಧ, ಜೂನ್ 22ರಂದು ಪ್ಲೇಗು ಅಧಿಕಾರಿ ರ್ಯಾಂಡ್ ಅವರ ಮೇಲೆ ಗುಂಡು. ಪುಣೆಯ ಸ್ನೇಹಿತರಿಂದ ಗೋಖಲೆಯವರಿಗೆ ಪತ್ರಗಳು ಬಂದವು. ಸೈನಿಕರು ಇಬ್ಬರು ಸ್ತ್ರೀಯರ ಮಾನಭಂಗ ಮಾಡಿದರೆಂದೂ ಅವರಲ್ಲೊಬ್ಬಳು ಪ್ರಾಣ ಬಿಟ್ಟಳೆಂದೂ ಅವುಗಳಲ್ಲಿತ್ತು. ಗೋಖಲೆಯವರು ಅದನ್ನು ನಂಬಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಬೊಂಬಾಯಿ ಸರ್ಕಾರವು ಆಧಾರವನ್ನು ಕೇಳಿತು. ಪತ್ರ ಬರೆದವರು ಮುಂದೆ ಬರಲು ಸಿದ್ಧರಿರಲಿಲ್ಲ. ಅವರ ಹೆಸರುಗಳನ್ನು ಹೇಳಿ ತಾವು ಪಾರಾಗುವ ದಾರಿಯನ್ನು ಗೋಖಲೆಯವರು ಹಿಡಿಯಲಿಲ್ಲ. ಹಿಂದಿರುಗಿದ ಮೇಲೆ ಆಗಸ್ಟಿನಲ್ಲಿ ನಿರ್ಬಂಧವಿಲ್ಲದ ಕ್ಷಮಾಪಣೆಯನ್ನು ಪ್ರಕಟಿಸಿದರು. ಸ್ವದೇಶದಲ್ಲಿಯೂ ಅನೇಕರು ಅವರನ್ನು ಹೇಡಿಯೆಂದು ನಿಂದಿಸಿದರು.

ಒಬ್ಬನೇ ವಕ್ತೃ, ಒಂದೇ ವರ್ಷ, ಒಂದೇ ದೇಶದ ಶ್ರೋತೃಗಳು. ಒಂದೆಡೆ ಜಯ, ಇನ್ನೊಂದೆಡೆ ಪರಾಭವ. ಭೇದವೆಲ್ಲಿ? ಕಮಿಷನ್ನಿನ ಮುಂದೆ ಅವರು ಇರಿಸಿದುದು ಎದುರಿನವರೂ ತೆಗೆದು ನೋಡಬಹುದಾದ ಲೆಕ್ಕ. ಪತ್ರಿಕೆಯ ಮುಂದೆ ಇರಿಸಿದುದು ಇನ್ನೊಬ್ಬರ ಕಾಗದದಲ್ಲಿದ್ದ ಮಾತು. ತರ್ಕದಲ್ಲಿ ಸಾಧ್ಯಸಮವೆಂದು ಹೆಸರಿರುವ ಹೇತ್ವಾಭಾಸವೇ ಇದು: ಸಾಧಿಸಬೇಕಾದುದು ಎಷ್ಟು ಅಸಿದ್ಧವೋ ಸಾಧಕವೂ ಅಷ್ಟೇ ಅಸಿದ್ಧ. ಪತ್ರ ಬರೆದವರು ಸುಳ್ಳಾಡಿದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಪ್ಲೇಗಿನ ದಿನಗಳಲ್ಲಿ ಜನರು ಪಟ್ಟ ಕಷ್ಟವೂ ಸುಳ್ಳಲ್ಲ. ಇದರಲ್ಲಿರುವ ದುರಂತವು ಅದೇ. ಒಂದು ಸಾಧಿಸಲಾಗದ ಮಾತು ಬಿದ್ದುಹೋದಾಗ ತನ್ನೊಡನೆ ಸಾಧಿಸಬಹುದಾಗಿದ್ದ ಹತ್ತು ಮಾತುಗಳನ್ನೂ ಕೆಡವಿತು. ಶೋಧನೆಯ ವಿಷಯವಾಗಿ ಪುಣೆಯವರು ಕೊಟ್ಟಿದ್ದ ನಿಜವಾದ ದೂರುಗಳಿಗೂ ಇಂಗ್ಲೆಂಡಿನಲ್ಲಿ ಕಿವಿ ಇಲ್ಲದಾಯಿತು. ನೊಂದವರ ಪಕ್ಷವನ್ನು ಹಿಡಿದು ಮಾತನಾಡುವವನಿಗೆ ಪ್ರಮಾಣದ ಶುದ್ಧಿಯು ಉಳಿದವರಿಗಿಂತ ಹೆಚ್ಚಾಗಿ ಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಅವನು ಸೋತರೆ ಸೋಲುವವರು ಬೇರೆಯವರು. 1902ರ ಭಾಷಣದಲ್ಲಿ ಕಾಣುವ ಎಚ್ಚರಕ್ಕೆ 1897ರ ಪೆಟ್ಟೇ ತಾಯಿಯೆಂದು ನನ್ನ ಊಹೆ.

ಇದೆಲ್ಲ ಶಾಸನಸಭೆಯ ಮಾತಾಯಿತು, ನಮ್ಮ ತಾಲ್ಲೂಕಿನ ಸಭೆಗಳಲ್ಲಿ ಲೆಕ್ಕದ ಪಟ್ಟಿಯನ್ನು ಕೇಳುವವರಾರು ಎಂದು ಕೆಲವರು ಆಕ್ಷೇಪಿಸಬಹುದು. ಪಟ್ಟಿಯನ್ನು ಓದಬೇಕೆಂದು ನಾನು ಹೇಳಿಲ್ಲ. ಅಂತರ್ಜಲದ ಇಳಿತವನ್ನು ಕುರಿತು ರೈತರ ಸಭೆಯಲ್ಲಿ ಮಾತನಾಡುವವನು ಇಡೀ ದೇಶದ ಅಂಕಿಗಳನ್ನು ಹೇಳಿದರೆ ಸಭಿಕರು ಆಕಳಿಸುತ್ತಾರೆ. ‘ನಿಮ್ಮ ಅಜ್ಜಂದಿರ ಬಾವಿಗೆ ಎಷ್ಟು ಮಾರು ಹಗ್ಗ ಬೇಕಾಗಿತ್ತು? ಈಗ ಕೊಳವೆಬಾವಿಯನ್ನು ಎಷ್ಟು ಅಡಿ ಕೊರೆಸಿದಿರಿ?’ ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ನಿಂತರೆ, ಆಧಾರದ ಅರ್ಧವು ಸಭೆಯಿಂದಲೇ ಎದ್ದುಬರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೆ ಒಂದು ಊರಿನ ಬಾವಿಗಳಿಂದ ಜಿಲ್ಲೆಯ ನೀರನ್ನು ಅಳೆಯಲಾಗದು. ಆಗ ಇಲಾಖೆಯ ಅಳತೆಗಳಲ್ಲಿ ಒಂದನ್ನೋ ಎರಡನ್ನೋ ಎಲ್ಲಿಂದ ತಂದುದೆಂದು ಹೇಳಿ ಜೋಡಿಸತಕ್ಕುದು. ಹೀಗೆ ಮಾಡಿದರೆ ಎರಡು ಸಂಖ್ಯೆ ಸಾಕು. ಎರಡೇ ಸಂಖ್ಯೆಯನ್ನು ಹೇಳುವವನಿಗೆ ಇಪ್ಪತ್ತು ಸಂಖ್ಯೆ ಗೊತ್ತಿರಬೇಕೆಂಬುದು ಬೇರೆ ಮಾತು.

ಕೊನೆಗೆ ಗೋಖಲೆಯವರ ಪ್ರಾಥಮಿಕ ವಿದ್ಯಾಭ್ಯಾಸದ ಮಸೂದೆ. 1910ರಲ್ಲಿ ಗೊತ್ತುವಳಿಯಾಗಿ ಬಂದು, 1911ರ ಮಾರ್ಚಿಯಲ್ಲಿ ಮಸೂದೆಯಾಗಿ ಮಂಡಿತವಾದ ಈ ವಿಷಯದಲ್ಲಿ ಅವರ ಪ್ರಮಾಣಪ್ರಯೋಗವು ಪರಿಪಾಕವನ್ನು ಮುಟ್ಟಿದೆ. ಬೇಡಿಕೆಯು ಅತ್ಯಲ್ಪ: ಮೊದಲಲ್ಲಿ 6ರಿಂದ 10 ವರ್ಷದ ಬಾಲಕರಿಗೆ ಮಾತ್ರ, ಅದೂ ಸ್ಥಳೀಯ ಸಂಸ್ಥೆಗಳು ಇಚ್ಛಿಸಿದಲ್ಲಿ, ಕಡ್ಡಾಯ ವಿದ್ಯಾಭ್ಯಾಸಕ್ಕೆ ಅವಕಾಶ. ದೃಷ್ಟಾಂತಗಳಾಗಿ ಇಂಗ್ಲೆಂಡು ಬಂದಿತು, ಜಪಾನು ಬಂದಿತು, ಫಿಲಿಪ್ಪೀನ್ಸ್ ಬಂದಿತು, ಸಿಂಹಳವೂ ಬಂದಿತು. ಇವುಗಳಲ್ಲಿ ಒಂದೊಂದಕ್ಕೂ ಎದುರುಮಾತು ಸುಲಭ. ಇಂಗ್ಲೆಂಡು ಧನಿಕ ದೇಶ. ಜಪಾನು ಸ್ವತಂತ್ರ ದೇಶ. ಅಲ್ಲಿಯ ಜನ ಬೇರೆ, ಇಲ್ಲಿಯ ಜನ ಬೇರೆ. ನೈಯಾಯಿಕನ ಭಾಷೆಯಲ್ಲಿ ಹೇಳುವುದಾದರೆ ಇವು ದೂರದ ಅಡಿಗೆಮನೆಗಳು. ಆದರೆ ಬರೋಡವೂ ಬಂದಿತು. ಮಹಾರಾಜ ಸಯಾಜಿರಾಯರು 1893ರಲ್ಲಿ ಅಮ್ರೇಲಿ ಪ್ರಾಂತದ ಹಳ್ಳಿಗಳಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗಿಸಿ ನೋಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದ್ದರು. ಬರೋಡದ ರೈತನೂ ಗಡಿಯಾಚೆ ಬ್ರಿಟಿಷ್ ಗುಜರಾತಿನ ರೈತನೂ ಒಂದೇ ಭಾಷೆಯವರು, ಒಂದೇ ಆಚಾರದವರು, ಬಡತನದಲ್ಲಿಯೂ ಸಮಾನರು. ಭಾರತದ ಜನಕ್ಕೆ ಕಡ್ಡಾಯ ಶಿಕ್ಷಣವು ಒಗ್ಗದೆಂದು ಹೇಳುವವರು ಈ ಗಡಿಯನ್ನು ದಾಟಿ ನಾಲ್ಕು ಹರಿದಾರಿ ನಡೆದರೆ ಸಾಕಾಗಿತ್ತು. ದೃಷ್ಟಾಂತವೂ ಇದೆ, ಉಪನಯವೂ ಇದೆ, ಎದುರುಮಾತಿಗೆ ಎಡೆ ಸಂಕುಚಿತವಾಗಿದೆ.

1912ರ ಮಾರ್ಚಿಯಲ್ಲಿ ಮತವಿಭಾಗವಾಯಿತು. ಮಸೂದೆಯ ಪಕ್ಷದಲ್ಲಿ 13, ವಿರುದ್ಧವಾಗಿ 38. ಸರ್ಕಾರಿ ಸದಸ್ಯರು ಸರ್ಕಾರದ ನಿಶ್ಚಯಕ್ಕೆ ಕಟ್ಟುಬಿದ್ದವರು. ಅವರು ಕೇಳಿಸಿಕೊಳ್ಳಲಿಲ್ಲವೆಂದಲ್ಲ, ಕೇಳಿದುದನ್ನು ನೆನಪಿನಲ್ಲಿಟ್ಟುಕೊಳ್ಳುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ದುಷ್ಯಂತನ ಸಭೆಯೆಂದು ನಾನು ಹೇಳಿದುದು ಇದನ್ನೇ. ಗೋಖಲೆಯವರಿಗೆ ಇದು ಮೊದಲೇ ಗೊತ್ತಿತ್ತು. ಮಸೂದೆಯು ಬೀಳುವುದೆಂದು ತಿಳಿದೇ ಅವರು ಅಂದಿನ ಭಾಷಣವನ್ನು ಮಾಡಿದರು. ತಮ್ಮ ತಲೆಮಾರಿನವರು ಸೋಲುಗಳಿಂದಲೇ ದೇಶಸೇವೆ ಮಾಡಬೇಕಾದವರೆಂಬ ಅರ್ಥದ ಮಾತನ್ನೂ ಅಂದು ಆಡಿದರು. ಗೆಲ್ಲುವ ಆಸೆಯಿಲ್ಲದ ದಿನದಲ್ಲಿಯೂ ಅವರು ಅಂಕಿಯನ್ನು ಸಡಿಲಗೊಳಿಸಿ ಆವೇಶವನ್ನು ಬಿಗಿಗೊಳಿಸಲಿಲ್ಲವೆಂಬುದನ್ನು ಆ ಭಾಷಣವನ್ನು ಓದಿದವರು ಕಾಣಬಹುದು. ಅವರು 1915ನೆಯ ಫೆಬ್ರವರಿ 19ರಂದು ತೀರಿಕೊಂಡರು. 6ರಿಂದ 14 ವರ್ಷದ ಮಕ್ಕಳ ವಿದ್ಯಾಭ್ಯಾಸವನ್ನು ಹಕ್ಕಾಗಿ ಮಾಡಿದ ಕಾನೂನು 2009ರಲ್ಲಿ ಅಂಗೀಕೃತವಾಗಿ, 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು.